ಹಂಚಿಗೆ ಅಂಟಿದ ಸೊನ್ನೆ

ವಿಮರ್ಶೆ ಎಂದರೆ ಪುಸ್ತಕಕ್ಕೋ ನಾಟಕಕ್ಕೋ ಸಲ್ಲುವ ಮಾತೆಂದು ನಾವು ಬಹಳ ಕಾಲದಿಂದ ನಂಬಿಕೊಂಡು ಬಂದಿದ್ದೇವೆ. ನೂರು ಪುಟದ ಕಥಾಸಂಕಲನ ಬಂದರೆ ಅದರ ಮಾತಿಗೂ ಕೃತಿಗೂ ಹೊಂದಿಕೆಯಿದೆಯೇ ಎಂದು ನಾಲ್ಕು ಜನ ಕುಳಿತು ಚರ್ಚಿಸುತ್ತಾರೆ. ಆದರೆ ದಿನಕ್ಕೆ ಮೂರು ಸಲ ನಮ್ಮ ಕೈಗೆ ಬರುವ, ನಮ್ಮ ಹೊಟ್ಟೆಗೆ ಸಂಬಂಧಪಟ್ಟ ವಸ್ತುಗಳು ತಮ್ಮ ಬಗ್ಗೆ ತಾವೇ ಏನೇನು ಹೇಳಿಕೊಳ್ಳುತ್ತವೆ, ಅದರಲ್ಲಿ ಎಷ್ಟನ್ನು ನಡೆಸಿಕೊಡುತ್ತವೆ ಎಂಬುದನ್ನು ಯಾರೂ ವಿಚಾರಿಸುವುದಿಲ್ಲ. ಅಡುಗೆಮನೆಗೆ ವಿಮರ್ಶಕರು ಬರುವುದು ಊಟದ ಹೊತ್ತಿಗೆ ಮಾತ್ರ. ಹಾಗಾಗಿ ಈ ಸಲ ನಾನು ಪುಸ್ತಕವನ್ನು ಬದಿಗಿಟ್ಟು ಒಂದು ಡಬ್ಬಿಯನ್ನು ಎತ್ತಿಕೊಂಡಿದ್ದೇನೆ. ಅದು ಅಡುಗೆ ಎಣ್ಣೆಯ ಸ್ಪ್ರೇ ಡಬ್ಬಿ. ಅದರ ಜೊತೆಗೆ, ಅದು ತವಾದ ಮೇಲೆ ಬಿಟ್ಟುಹೋಗುವ ಕಂದು ಜಿಡ್ಡಿನ ಮಾತೂ ಬರುತ್ತದೆ. ಎರಡನ್ನೂ ಬೇರೆ ಬೇರೆ ಮಾಡಿ ನೋಡಲು ಸಾಧ್ಯವಿಲ್ಲ.

ತೆಕ್ಕಲಕೋಟೆಯಂಥ ಊರಿನಲ್ಲಿ ಕುಳಿತು ಎಣ್ಣೆ ಸ್ಪ್ರೇಯ ವಿಮರ್ಶೆ ಬರೆಯುವುದು ಕೆಲವರಿಗೆ ವಿಚಿತ್ರವೆನ್ನಿಸಬಹುದು. ನಮ್ಮದು ಪಟ್ಟಣ ಪಂಚಾಯಿತಿಯ ಊರು. ಸುತ್ತ ಕಲ್ಲುಗುಡ್ಡ, ಕೆಳಗೆ ತುಂಗಭದ್ರೆಯ ಕಾಲುವೆ ನೀರಿನ ಭತ್ತದ ಗದ್ದೆ. ಇಲ್ಲಿ ಎಣ್ಣೆ ಎಂದರೆ ಶೇಂಗಾ ಎಣ್ಣೆ ಅಥವಾ ಸೂರ್ಯಕಾಂತಿ ಎಣ್ಣೆ. ಅದನ್ನು ಸುರಿಯುತ್ತಾರೆಯೇ ಹೊರತು ಸಿಂಪಡಿಸುವುದಿಲ್ಲ. ಸಿಂಪಡಿಸುವುದೇನಿದ್ದರೂ ಹತ್ತಿ, ಮೆಣಸಿನಕಾಯಿ ಹೊಲದ ಔಷಧಿಯನ್ನು. ಆದರೂ ಈ ಡಬ್ಬಿ ನಮ್ಮ ಮನೆಗೆ ಬಂತು. ನಮ್ಮ ಯಜಮಾನರಿಗೆ ಎದೆನೋವು ಬಂದು ಸ್ಟೆಂಟ್ ಹಾಕಿಸಿದ ಮೇಲೆ ಡಾಕ್ಟರು ಎಣ್ಣೆ ಕಡಿಮೆ ಮಾಡಿ ಎಂದರು. ಬೆಂಗಳೂರಿನಲ್ಲಿರುವ ಸೊಸೆ ಕಾಳಜಿಯಿಂದ ಅಲ್ಲಿನ ದೊಡ್ಡ ಅಂಗಡಿಯೊಂದರಲ್ಲಿ ಪರದೇಶದ ಡಬ್ಬಿ ಕೊಂಡು, ಜೊತೆಗೊಂದು ನಾನ್‌ಸ್ಟಿಕ್ ತವಾವನ್ನೂ ಕಾರಿನಲ್ಲಿ ತಂದುಕೊಟ್ಟಳು. "ಅತ್ತೆ, ಇದರಲ್ಲಿ ಕ್ಯಾಲೊರಿ ಸೊನ್ನೆ, ಮಾವನಿಗೆ ದೋಸೆ ಬಿಡಿಸಬೇಕಾಗಿಲ್ಲ" ಎಂದಳು. ಅವಳ ಅಂತಃಕರಣದ ಬಗ್ಗೆ ನನಗೆ ಅನುಮಾನವಿಲ್ಲ. ನಾನು ಪರೀಕ್ಷಿಸಬೇಕೆಂದುಕೊಂಡದ್ದು ಆ ಸೊನ್ನೆಯನ್ನು.

ಡಬ್ಬಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದ ಪಟ್ಟಿಯಿತ್ತು. ಕ್ಯಾಲೊರಿ 0, ಕೊಬ್ಬು 0. ಆದರೆ ಒಳಗಿರುವ ವಸ್ತುಗಳ ಹೆಸರಿನಲ್ಲಿ ಮೊದಲನೆಯದೇ ಎಣ್ಣೆ! ಎಣ್ಣೆಯ ಡಬ್ಬಿಯಲ್ಲಿ ಕೊಬ್ಬಿಲ್ಲ ಎಂದರೆ ಬಾವಿಯಲ್ಲಿ ನೀರಿಲ್ಲ ಎಂದಷ್ಟು ಸಲೀಸಾಗಿ ಒಪ್ಪಲಾಗದು. ಗುಟ್ಟು ಇರುವುದು ಅಳತೆಯಲ್ಲಿ. ಅಮೆರಿಕದ ನಿಯಮದ ಪ್ರಕಾರ ಒಂದು ಸಲದ ಬಳಕೆಯಲ್ಲಿ 5 ಕ್ಯಾಲೊರಿಗಿಂತ ಕಡಿಮೆಯಿದ್ದರೆ ಸೊನ್ನೆ ಎಂದು ಬರೆಯಬಹುದು, 0.5 ಗ್ರಾಂಗಿಂತ ಕಡಿಮೆ ಕೊಬ್ಬಿದ್ದರೆ ಅದೂ ಸೊನ್ನೆ. ಇಂಥ ಡಬ್ಬಿಗಳಲ್ಲಿ ಒಂದು ಸಲದ ಬಳಕೆ ಎಂದರೆ ಸೆಕೆಂಡಿನ ಕಾಲು ಭಾಗ ಗುಂಡಿ ಒತ್ತುವುದು. ಆಗ ಹೊರಬರುವುದು ಸುಮಾರು ಕಾಲು ಗ್ರಾಂ ಎಣ್ಣೆ. ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿಯಾದ್ದರಿಂದ ಕಾಲು ಗ್ರಾಂಗೆ ಎರಡು ಚಿಲ್ಲರೆ. ಅದನ್ನು ಸೊನ್ನೆಗೆ ಇಳಿಸಲು ನಿಯಮವೇ ದಾರಿ ಬಿಟ್ಟಿದೆ.

ಕಾಲು ಸೆಕೆಂಡು ಎಂದರೆ ಎಷ್ಟು ಎಂದು ನೀವೇ ಬೆರಳು ಒತ್ತಿ ನೋಡಿ. ರೆಪ್ಪೆ ಬಡಿದಷ್ಟು ಹೊತ್ತು. ಅಷ್ಟರಲ್ಲಿ ತವಾದ ಒಂದು ಮೂಲೆಯೂ ನೆನೆಯುವುದಿಲ್ಲ. ದೋಸೆ ಹುಯ್ಯುವ ಹೆಂಗಸು ತವಾದ ಸುತ್ತ ಒಂದು ಸುತ್ತು ಹಾಕಿ ಒತ್ತುತ್ತಾಳೆ, ಮೇಲಿನಿಂದ ಮತ್ತೊಮ್ಮೆ ಒತ್ತುತ್ತಾಳೆ; ನಾಲ್ಕು ಸೆಕೆಂಡು ಎಲ್ಲಿಗೂ ಹೋಗಿಲ್ಲ. ಅಲ್ಲಿಗೆ 4 ಗ್ರಾಂ ಆಯಿತು, ಅಂದರೆ ಹೆಚ್ಚುಕಡಿಮೆ ಒಂದು ಟೀ ಚಮಚ. ಕ್ಯಾಲೊರಿ 36. ಹದಿನಾರು ಸೊನ್ನೆಗಳನ್ನು ಕೂಡಿಸಿದರೆ ಮೂವತ್ತಾರು ಬರುವ ಗಣಿತವನ್ನು ನಾನು ಶಾಲೆಯಲ್ಲಿ ಕಲಿತಿರಲಿಲ್ಲ. ನಮ್ಮ ದೇಶದ ನಿಯಮ ಈ ವಿಷಯದಲ್ಲಿ ವಾಸಿ: ಪೌಷ್ಟಿಕಾಂಶದ ವಿವರವನ್ನು 100 ಗ್ರಾಂ ಅಥವಾ 100 ಮಿಲಿಲೀಟರಿನ ಲೆಕ್ಕದಲ್ಲೂ ಕೊಡಬೇಕೆಂದಿದೆ. ಎಣ್ಣೆ ಯಾವುದೇ ಇರಲಿ, ನೂರು ಗ್ರಾಂಗೆ ಸುಮಾರು 900 ಕ್ಯಾಲೊರಿ. ಆ ಲೆಕ್ಕದ ಮುಂದೆ ಯಾವ ಡಬ್ಬಿಯ ಸೊನ್ನೆಯೂ ನಿಲ್ಲುವುದಿಲ್ಲ.

ಇಷ್ಟು ಹೇಳಿದ ಮೇಲೆ ಡಬ್ಬಿಗೆ ಸಲ್ಲಬೇಕಾದ್ದನ್ನೂ ಸಲ್ಲಿಸಬೇಕು. ಸೌಟಿನಲ್ಲಿ ಎಣ್ಣೆ ಸುರಿಯುವ ಕೈಗೆ ಇದು ಖಂಡಿತ ಲಗಾಮು. ಹಾಲು ಕಾಯಿಸುವ ಸಣ್ಣ ಲೋಟದಷ್ಟು ಎಣ್ಣೆ ಕುಡಿಯುವ ಬದನೆಕಾಯಿ ಪಲ್ಯ ಅರ್ಧಕ್ಕಿಂತ ಕಡಿಮೆಯಲ್ಲಿ ಮುಗಿಯುತ್ತದೆ. ಎಣ್ಣೆ ಸಣ್ಣ ಹನಿಯಾಗಿ ಹರಡುವುದರಿಂದ ಸ್ವಲ್ಪ ಎಣ್ಣೆ ಹೆಚ್ಚು ಜಾಗ ಮುಚ್ಚುತ್ತದೆ ಎಂಬುದೂ ನಿಜ. ಹಾಗಾಗಿ ವಸ್ತು ಪೂರ್ತಿ ಸುಳ್ಳಲ್ಲ. ಅದರ ಮೈಮೇಲೆ ಬರೆದ ಮಾತು ಅದು ಮಾಡುವ ಕೆಲಸಕ್ಕಿಂತ ದೊಡ್ಡದಾಗಿದೆ. ಇಂಥ ಡಬ್ಬಿ ಮೊದಲು ಮಾರುಕಟ್ಟೆಗೆ ಬಂದದ್ದು 1959ರಲ್ಲಿ, ಅಮೆರಿಕದಲ್ಲಿ, ಪ್ಯಾಮ್ ಎಂಬ ಹೆಸರಿನಲ್ಲಿ. ಕಂಡುಹಿಡಿದವನು ಲಿಯೋನ್ ರೂಬಿನ್. ಅವನ ಜೊತೆಗೂಡಿದವನು ಆರ್ಥರ್ ಮೇಯರ್‌ಹಾಫ್ ಎಂಬ ಜಾಹೀರಾತು ವ್ಯವಹಾರದ ಮನುಷ್ಯ. ಪ್ಯಾಮ್ ಎಂದರೆ 'ಆರ್ಥರ್ ಮೇಯರ್‌ಹಾಫನ ಉತ್ಪನ್ನ' ಎಂಬುದರ ಮೊದಲಕ್ಷರಗಳು. ಕಂಡುಹಿಡಿದವನ ಹೆಸರನ್ನು ಬಿಟ್ಟು ಜಾಹೀರಾತಿನವನ ಹೆಸರನ್ನು ಹೊತ್ತ ವಸ್ತುವಿನಲ್ಲಿ ಮಾತು ದೊಡ್ಡದಾಗಿರುವುದು ಆಶ್ಚರ್ಯವೇನಲ್ಲ.

ಇನ್ನು ಜಿಡ್ಡಿನ ವಿಷಯ. ತವಾ ಬಂದು ಎರಡು ತಿಂಗಳಾಗುವಷ್ಟರಲ್ಲಿ ಅದರ ಅಂಚಿನ ಸುತ್ತ ಜೇನಿನ ಬಣ್ಣದ ಒಂದು ಪದರ ಕಟ್ಟಿತು. ಬೆರಳಿಟ್ಟರೆ ಅಂಟು. ಆಮೇಲೆ ಅದು ಕಂದಾಯಿತು, ನಡುವಿಗೂ ಹಬ್ಬಿತು. ಅಂಟಬಾರದೆಂದೇ ಹುಟ್ಟಿದ ತವಾಕ್ಕೆ ದೋಸೆ ಅಂಟತೊಡಗಿತು. ನಮ್ಮ ಮನೆಯಲ್ಲಿ ಪಾತ್ರೆ ತಿಕ್ಕಲು ಬರುವ ಹೆಣ್ಣುಮಗಳು ಒಂದು ದಿನ ಅದನ್ನು ನನ್ನ ಮುಂದೆ ತಂದಿಟ್ಟು, "ಅಮ್ಮಾರೆ, ಇದನ್ನ ಹೆಂಗ ತಿಕ್ಕಬೇಕು ಹೇಳ್ರಿ. ಜೋರು ತಿಕ್ಕಿದ್ರ ಕರಿ ಬಣ್ಣ ಕಿತ್ತು ಬರ್ತೈತಿ, ಮೆಲ್ಲಕ ತಿಕ್ಕಿದ್ರ ಜಿಡ್ಡು ಹೋಗವಲ್ದು" ಎಂದಳು. ಈ ವಸ್ತುವಿನ ಬಗ್ಗೆ ಇದಕ್ಕಿಂತ ಚೊಕ್ಕವಾದ ವಿಮರ್ಶೆಯನ್ನು ನಾನು ಬೇರೆಲ್ಲೂ ಓದಿಲ್ಲ. ಅವಳು ಹೇಳಿದ ಇಕ್ಕಟ್ಟನ್ನೇ ನಾನು ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತಿದ್ದೇನೆ.

ಈ ಜಿಡ್ಡು ಎಲ್ಲಿಂದ ಬಂತು? ಎಣ್ಣೆ ತೆಳ್ಳಗೆ ಹರಡಿ, ಬಿಸಿ ತಾಗಿ, ಗಾಳಿ ಆಡಿದರೆ ಅದು ಎಣ್ಣೆಯಾಗಿ ಉಳಿಯುವುದಿಲ್ಲ. ಅದರ ಕಣಗಳು ಒಂದಕ್ಕೊಂದು ಹೆಣೆದುಕೊಂಡು ಮೊದಲು ಅಂಟಾಗಿ, ಆಮೇಲೆ ವಾರ್ನಿಷ್ ಆಗುತ್ತವೆ. ಬಡಗಿಗಳು ಬಾಗಿಲಿಗೆ ಅಗಸೆ ಎಣ್ಣೆ ಬಳಿಯುವುದು ಇದೇ ಗುಣವನ್ನು ನಂಬಿ. ಕುಸುಬೆ ಎಣ್ಣೆಯ ಬಾಟಲಿಯ ಕುತ್ತಿಗೆ ಜಿಗುಟಾಗುವುದನ್ನು ನಮ್ಮ ಕಡೆಯ ಎಲ್ಲರೂ ಕಂಡಿದ್ದಾರೆ. ಸೂರ್ಯಕಾಂತಿಯೂ ಇದೇ ಜಾತಿಯದು. ಶೇಂಗಾ ಎಣ್ಣೆ ಸ್ವಲ್ಪ ನಿಧಾನ. ಸ್ಪ್ರೇ ಮಾಡುವುದೆಂದರೆ ಎಣ್ಣೆಯನ್ನು ಆದಷ್ಟೂ ತೆಳ್ಳಗೆ, ಆದಷ್ಟೂ ಅಗಲಕ್ಕೆ ಹರಡುವುದು. ಹಿಟ್ಟು ಬಿದ್ದ ಕಡೆ ಎಣ್ಣೆ ದೋಸೆಯ ಜೊತೆ ಎದ್ದು ಬರುತ್ತದೆ. ಹಿಟ್ಟು ಮುಟ್ಟದ ಅಂಚಿನಲ್ಲಿ, ಹಿಡಿಕೆಯ ಬುಡದಲ್ಲಿ, ತವಾದ ಹೊರಮೈಯಲ್ಲಿ ಅದು ಬರೀ ಕಾಯುತ್ತದೆ. ಎಣ್ಣೆ ಉಳಿಸಿಕೊಟ್ಟ ಗುಣವೇ ಜಿಡ್ಡನ್ನೂ ತಂದುಕೊಟ್ಟಿತು.

ಡಬ್ಬಿಯಲ್ಲಿ ಎಣ್ಣೆಯ ಜೊತೆ ಇನ್ನೊಂದು ವಸ್ತು ಇರುತ್ತದೆ, ಲೆಸಿಥಿನ್. ಹಿಟ್ಟು ಪಾತ್ರೆಗೆ ಹಿಡಿಯದಂತೆ ನೋಡಿಕೊಳ್ಳುವ ಕೆಲಸ ಹೆಚ್ಚಾಗಿ ಅದರದೇ. ಅದು ಬರುವುದು ಬಹುಮಟ್ಟಿಗೆ ಸೋಯಾ ಎಣ್ಣೆಯಿಂದ. ಇಲ್ಲಿ ನನಗೆ ತಮಾಷೆಯಾಗಿ ಕಂಡ ಸಂಗತಿಯೊಂದಿದೆ. ಗಾಣದಿಂದ ಹೊಸದಾಗಿ ತಂದ ಎಣ್ಣೆಯನ್ನು ನಮ್ಮ ಅವ್ವ ಎರಡು ದಿನ ಅಲುಗಾಡಿಸದೆ ಇಡುತ್ತಿದ್ದಳು. ತಳದಲ್ಲಿ ಗಸಿ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳುತ್ತಿದ್ದಳು. ಗಸಿ ಸಮೇತ ಕಾಯಿಸಿದರೆ ನೊರೆ ಬರುತ್ತದೆ, ಕಪ್ಪಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ದೊಡ್ಡ ಕಾರ್ಖಾನೆಗಳು ಮಾಡುವುದೂ ಅದನ್ನೇ: ಎಣ್ಣೆಗೆ ನೀರು ಬೆರೆಸಿ ಅದರೊಳಗಿನ ಅಂಟನ್ನು ಬೇರ್ಪಡಿಸುತ್ತವೆ, ಕಾಯಿಸಿದಾಗ ಎಣ್ಣೆ ಕಪ್ಪಾಗದಿರಲಿ ಎಂಬುದೂ ಅದಕ್ಕೊಂದು ಕಾರಣ. ಹಾಗೆ ಸೋಯಾ ಎಣ್ಣೆಯಿಂದ ತೆಗೆದ ಅಂಟೇ ಲೆಸಿಥಿನ್. ಅಂದರೆ ಒಂದು ಕಾರ್ಖಾನೆಯಲ್ಲಿ ದುಡ್ಡು ಖರ್ಚು ಮಾಡಿ ತೆಗೆದದ್ದನ್ನು ಇನ್ನೊಂದು ಕಾರ್ಖಾನೆಯಲ್ಲಿ ದುಡ್ಡು ಖರ್ಚು ಮಾಡಿ ಸೇರಿಸಿ, ಅದಕ್ಕೆ ಹೆಚ್ಚಿನ ಬೆಲೆ ಕಟ್ಟಿ ನಮಗೆ ಕೊಡುತ್ತಾರೆ. ಕಾದ ತವಾದ ಮೇಲೆ ಅದು ಅವ್ವನ ಗಸಿಯಂತೆಯೇ ಕಂದಾಗುತ್ತದೆ.

ಈಗ ನಾನ್‌ಸ್ಟಿಕ್ ತವಾದ ಕಡೆ ಬರೋಣ. ಅದರ ಮೇಲಿನ ಲೇಪನ, ಟೆಫ್ಲಾನ್ ಎಂದು ನಾವು ಕರೆಯುವುದು, 1938ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್ ಎಂಬ ರಸಾಯನಶಾಸ್ತ್ರಜ್ಞನಿಗೆ ಆಕಸ್ಮಿಕವಾಗಿ ಸಿಕ್ಕಿದ್ದು. ಫ್ರಾನ್ಸಿನ ಮಾರ್ಕ್ ಗ್ರೆಗ್ವಾರ್ 1954ರಲ್ಲಿ ಅದನ್ನು ಅಡುಗೆ ಪಾತ್ರೆಗೆ ಹತ್ತಿಸುವ ದಾರಿ ಕಂಡುಕೊಂಡ. ಎಣ್ಣೆ ಇಲ್ಲದೆಯೂ ಹಿಡಿಯದ ಪಾತ್ರೆ ಇದು ಎಂಬುದೇ ಅದರ ಹೆಗ್ಗಳಿಕೆ. ಹಿಡಿಯದ ಪಾತ್ರೆಗೆ ಹಿಡಿಯದಂತೆ ಮಾಡುವ ಸ್ಪ್ರೇ ಯಾಕೆ? ಎರಡೂ ಒಂದೇ ಮಾತು ಕೊಡುತ್ತವೆ, ಎರಡೂ ಒಂದೇ ಅಂಗಡಿಯ ಒಂದೇ ಸಾಲಿನಲ್ಲಿ ಕೂತಿರುತ್ತವೆ. ಆದರೆ ಇಂಥ ಪಾತ್ರೆ ತಯಾರಿಸುವ ಅನೇಕರು ಪಾತ್ರೆಯ ಜೊತೆ ಕೊಡುವ ಚೀಟಿಯಲ್ಲಿ ಸ್ಪ್ರೇ ಬಳಸಬೇಡಿ ಎಂದೇ ಬರೆಯುತ್ತಾರೆ. ಲೇಪನ ಯಾವುದನ್ನೂ ಹಿಡಿದುಕೊಳ್ಳದಿದ್ದರೂ ಅದರ ಸಣ್ಣ ಗೀರು, ರಂಧ್ರಗಳಲ್ಲಿ ಆ ಜಿಡ್ಡು ಕೂರುತ್ತದೆ. ಆಮೇಲೆ ದೋಸೆ ಅಂಟುವುದು ಲೇಪನಕ್ಕಲ್ಲ, ಅದರ ಮೇಲಿನ ಜಿಡ್ಡಿಗೆ. ಎಷ್ಟೋ ಮನೆಗಳಲ್ಲಿ ಲೇಪನ ಹೋಯಿತೆಂದು ಎಸೆದ ತವಾಗಳು ನಿಜವಾಗಿ ಜಿಡ್ಡು ಕಟ್ಟಿದ ತವಾಗಳು ಎಂದು ನನಗನ್ನಿಸುತ್ತದೆ.

ಹಾಗೆ ನೋಡಿದರೆ ನಮ್ಮ ಕಬ್ಬಿಣದ ಹಂಚಿನ ಮೇಲಿರುವುದೂ ಇದೇ ಜಿಡ್ಡು. ಹೊಸ ಹಂಚು ತಂದರೆ ಅದನ್ನು ಪಳಗಿಸಬೇಕು ಎನ್ನುತ್ತೇವೆ. ತೊಳೆದು, ಒಣಗಿಸಿ, ಎಣ್ಣೆ ಸವರಿ, ಹೊಗೆಯಾಡುವಷ್ಟು ಕಾಯಿಸಿ, ಆರಿಸಿ, ಮತ್ತೆ ಸವರಿ, ನಾಲ್ಕಾರು ದಿನ ಇದನ್ನೇ ಮಾಡುತ್ತೇವೆ. ಎಣ್ಣೆ ಹೆಣೆದುಕೊಂಡು, ಕಪ್ಪಗೆ ಗಟ್ಟಿಯಾಗಿ, ಕಬ್ಬಿಣಕ್ಕೆ ಚರ್ಮದಂತೆ ಕೂಡಿಕೊಳ್ಳುತ್ತದೆ. ಆಮೇಲೆ ದೋಸೆ ತಾನಾಗಿ ಏಳುತ್ತದೆ. ಪಡ್ಡಿನ ಹಂಚಿನ ಗುಳಿಗಳು ವರ್ಷ ಕಳೆದಷ್ಟೂ ನುಣುಪಾಗುವುದು ಹೀಗೆ. ಒಂದೇ ಎಣ್ಣೆ, ಒಂದೇ ಬೆಂಕಿ. ಒಂದು ಕಡೆ ಅದಕ್ಕೆ ಪಳಗುವುದು ಎಂದು ಹೆಸರು, ಇನ್ನೊಂದು ಕಡೆ ಜಿಡ್ಡು ಎಂದು ಹೆಸರು. ಕಬ್ಬಿಣ ದೊಡ್ಡ ಉರಿಯನ್ನು ತಡೆಯುವುದರಿಂದ ಎಣ್ಣೆ ಪೂರ್ತಿ ಬೇಯುತ್ತದೆ. ನಾನ್‌ಸ್ಟಿಕ್ ತವಾವನ್ನು ಅಷ್ಟು ಕಾಯಿಸಕೂಡದು, ಲೇಪನ ಕೆಡುತ್ತದೆ. ಹಾಗಾಗಿ ಎಣ್ಣೆ ಅರ್ಧಕ್ಕೇ ನಿಂತು ಅಂಟಾಗಿ ಉಳಿಯುತ್ತದೆ. ತಪ್ಪು ಎಣ್ಣೆಯದಲ್ಲ. ಬಳಸಿದಷ್ಟೂ ಹಳತಾಗುವ ಪಾತ್ರೆಗೂ ಬಳಸಿದಷ್ಟೂ ಪಳಗುವ ಪಾತ್ರೆಗೂ ಇರುವ ವ್ಯತ್ಯಾಸ ಇದು.

ಪಾತ್ರೆಯ ಮೈ ನುಣುಪಾಗಿರಬೇಕೆಂಬ ಆಸೆ ಇಂದಿನದೂ ಅಲ್ಲ, ಹೊರಗಿನದೂ ಅಲ್ಲ. ನಮ್ಮೂರಿನ ಗುಡ್ಡಗಳ ಮೇಲೆ 1960ರ ದಶಕದಲ್ಲಿ ಎಂ. ಎಸ್. ನಾಗರಾಜರಾವ್ ಅವರು ಉತ್ಖನನ ನಡೆಸಿ ನೂತನ ಶಿಲಾಯುಗದ ಜನರ ನೆಲೆಯನ್ನು ಬೆಳಕಿಗೆ ತಂದರು. 1965ರಲ್ಲಿ ಅದರ ಬಗ್ಗೆ ಪುಸ್ತಕವೂ ಬಂತು. ಸುಮಾರು ಮೂರೂವರೆ ಸಾವಿರ ವರ್ಷಗಳ ಹಿಂದೆ ಆ ಜನ ಕೈಯಿಂದ ತಟ್ಟಿ ಮಾಡುತ್ತಿದ್ದ ಬೂದು ಬಣ್ಣದ ಮಡಕೆಗಳ ಮೈಯನ್ನು ಉಜ್ಜಿ ಮೆರುಗು ಕೊಡುತ್ತಿದ್ದರು. ಆ ನುಣುಪು ಪಾತ್ರೆ ಮಾಡುವಾಗಿನ ಕೈಕೆಲಸದಿಂದ ಬಂದದ್ದು. ಹಂಚಿನ ನುಣುಪು ಬಳಸುವವರ ಕೈಕೆಲಸದಿಂದ ಬರುತ್ತದೆ. ಡಬ್ಬಿ ನಮಗೆ ಹೇಳುವುದು, ಕೈಕೆಲಸವೇ ಬೇಡ, ಗುಂಡಿ ಒತ್ತಿ ಎಂದು. ಆದರೆ ಕೆಲಸ ಎಲ್ಲಿಯೂ ಹೋಗಿಲ್ಲ. ಒಲೆಯ ಮುಂದಿದ್ದದ್ದು ಬಚ್ಚಲಿಗೆ ಹೋಗಿದೆ. ಒಲೆಯ ಮುಂದೆ ನಿಂತವಳು ನಾನು, ಬಚ್ಚಲ ಕಲ್ಲಿನ ಮೇಲೆ ಕೂತವಳು ಇನ್ನೊಬ್ಬಳು. ಬೇಸಿಗೆಯಲ್ಲಿ ಕಾಲುವೆ ನೀರು ನಿಂತು ಬೋರಿನ ಗಡಸು ನೀರಲ್ಲಿ ಸೋಪು ನೊರೆಯಾಗದ ದಿನಗಳಲ್ಲಿ, ಆ ಒಂದು ತವಾಕ್ಕೆ ಅವಳು ಕಳೆಯುವ ಹೊತ್ತಿನಲ್ಲಿ ಉಳಿದ ಪಾತ್ರೆಗಳೆಲ್ಲ ಮುಗಿಯುತ್ತವೆ. ಡಬ್ಬಿಯ ಹಿಂಬದಿಯ ಪಟ್ಟಿಯಲ್ಲಿ ಈ ಲೆಕ್ಕಕ್ಕೆ ಒಂದು ಸಾಲೂ ಇಲ್ಲ.

ತಿಕ್ಕುವ ಉಪಾಯ ಹೇಳುವ ಅಡುಗೆ ಅಂಕಣಗಳನ್ನೂ ಈ ವಿಮರ್ಶೆಯಿಂದ ಬಿಡಲಾರೆ. ಎಲ್ಲರೂ ಬರೆಯುವುದು ಒಂದೇ: ಅಡುಗೆ ಸೋಡಾ ಹಾಕಿ, ಮೇಲೆ ವಿನೆಗರ್ ಸುರಿಯಿರಿ, ಬುಸುಬುಸು ನೊರೆ ಬಂದು ಕೊಳೆ ಹೋಗುತ್ತದೆ. ಸೋಡಾ ಕ್ಷಾರ, ವಿನೆಗರ್ ಹುಳಿ. ಎರಡೂ ಸೇರಿದರೆ ಒಂದರ ಬಲವನ್ನು ಇನ್ನೊಂದು ತಿಂದು, ಕೊನೆಗೆ ಉಳಿಯುವುದು ಸ್ವಲ್ಪ ಉಪ್ಪಿನಂಶದ ನೀರು. ನೊರೆ ನೋಡುವುದಕ್ಕೆ ಚೆಂದ, ಹೆಂಚಿಕಡ್ಡಿಯಷ್ಟೂ ಜಿಡ್ಡು ಅದರಿಂದ ಕದಲುವುದಿಲ್ಲ. ನಮ್ಮ ಹಿರಿಯರು ಬಳಸುತ್ತಿದ್ದ ಬೂದಿಗೆ ಇವೆರಡಕ್ಕಿಂತ ಹೆಚ್ಚು ತಿಳಿವಳಿಕೆ ಇತ್ತು. ಕಟ್ಟಿಗೆಯ ಬೂದಿಯಲ್ಲಿ ಕ್ಷಾರವಿದೆ, ಅದು ಎಣ್ಣೆಯನ್ನು ಸೋಪಾಗಿಸುತ್ತದೆ. ಸಿರುಗುಪ್ಪದ ಅಕ್ಕಿ ಗಿರಣಿಗಳ ಕಡೆ ಸಿಗುವ ಭತ್ತದ ಹೊಟ್ಟಿನ ಬೂದಿಯಲ್ಲಿ ಸಾಮಾನ್ಯವಾಗಿ ನೂರಕ್ಕೆ 85ಕ್ಕೂ ಹೆಚ್ಚು ಪಾಲು ಸಿಲಿಕಾ, ಅಂದರೆ ಮರಳಿನ ಜಾತಿ; ಅದು ಕೊಳೆಯನ್ನು ಕೆರೆದು ತೆಗೆಯುತ್ತದೆ. ಕಬ್ಬಿಣದ ಬಾಣಲೆಗೆ, ಹಿತ್ತಾಳೆ ಕೊಡಕ್ಕೆ ಇದು ಹೇಳಿ ಮಾಡಿಸಿದ್ದು. ಆದರೆ ಇದೇ ಬೂದಿ ನಾನ್‌ಸ್ಟಿಕ್ ತವಾಕ್ಕೆ ಯಮ. ಹೊಸ ಪಾತ್ರೆ ಹಳೆಯ ವಿದ್ಯೆಯನ್ನು ನಿರುಪಯುಕ್ತ ಮಾಡಿತು, ತನ್ನದೇ ಆದ ವಿದ್ಯೆಯನ್ನು ಕಲಿಸಿಕೊಡಲಿಲ್ಲ.

ಆ ವಿದ್ಯೆ ಇಷ್ಟೇ, ಬೇಕಾದವರಿಗೆ ಇಲ್ಲಿ ಬರೆದಿಡುತ್ತೇನೆ. ತವಾದಲ್ಲಿ ನೀರು ಹಾಕಿ, ನಾಲ್ಕು ಹನಿ ಪಾತ್ರೆ ತೊಳೆಯುವ ದ್ರವ ಬಿಟ್ಟು, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ ಆರಲು ಬಿಡಬೇಕು. ಆಮೇಲೆ ಅಡುಗೆ ಸೋಡಾವನ್ನು ನೀರಲ್ಲಿ ಕಲಸಿ ಲೇಪ ಮಾಡಿ, ಜಿಡ್ಡಿನ ಮೇಲೆ ಹಚ್ಚಿ, ಇಪ್ಪತ್ತು ನಿಮಿಷ ಬಿಟ್ಟು, ಮೆತ್ತನೆಯ ಬಟ್ಟೆಯಿಂದ ಸುತ್ತಿ ಸುತ್ತಿ ಒರೆಸಬೇಕು. ಒಂದೇ ದಿನಕ್ಕೆ ಹೋಗದು. ಎರಡು ಮೂರು ಸಲ ಮಾಡಬೇಕು. ಸ್ಟೀಲ್ ನಾರು, ಬೂದಿ, ಚಾಕು ಮುಟ್ಟಿಸಬಾರದು. ಅಲ್ಯೂಮಿನಿಯಂ ಪಾತ್ರೆಗೆ ಬಟ್ಟೆ ಸೋಡಾ ಬೇಡ, ಅದು ಲೋಹವನ್ನೇ ತಿನ್ನುತ್ತದೆ. ಕಾದ ತವಾಕ್ಕೆ ತಣ್ಣೀರು ಸುರಿದರೆ ತಳ ಸೊಟ್ಟಗಾಗುತ್ತದೆ. ಇನ್ನೊಂದು ಮಾತು: ಅನೇಕ ಡಬ್ಬಿಗಳಲ್ಲಿ ಎಣ್ಣೆಯನ್ನು ಹೊರದೂಡುವುದು ಪ್ರೊಪೇನ್, ಬ್ಯೂಟೇನ್‌ನಂಥ ಅನಿಲ, ನಮ್ಮ ಸಿಲಿಂಡರಿನಲ್ಲಿರುವ ಜಾತಿಯದೇ. ಉರಿಯುವ ಒಲೆಯ ಮೇಲೆ ಅದನ್ನು ಒತ್ತಬಾರದು, ಒಲೆಯ ಪಕ್ಕ ಇಡಲೂಬಾರದು. ನಾವೇ ಎಣ್ಣೆ ತುಂಬಿಕೊಳ್ಳುವ ಪಂಪಿನ ಬಾಟಲಿ ಇದಕ್ಕಿಂತ ಮೇಲು. ಅದರಲ್ಲಿ ಅನಿಲವೂ ಇಲ್ಲ, ಲೆಸಿಥಿನ್ನೂ ಇಲ್ಲ. ಜಿಡ್ಡು ಮಾತ್ರ ಇದ್ದೇ ಇದೆ.

ತೆಳ್ಳಗೆ ಎಣ್ಣೆ ಹರಡುವ ಉಪಾಯ ನಮ್ಮಲ್ಲಿ ಇರಲಿಲ್ಲವೇ? ಅರ್ಧ ಹೆಚ್ಚಿದ ಉಳ್ಳಾಗಡ್ಡಿಯನ್ನು ಎಣ್ಣೆಯಲ್ಲಿ ಅದ್ದಿ ಹಂಚಿಗೆ ಉಜ್ಜುವುದನ್ನು ಬಳ್ಳಾರಿಯ ಯಾವುದೇ ದೋಸೆ ಅಂಗಡಿಯಲ್ಲಿ ನಿಂತು ನೋಡಿ. ಕೆಲವರು ಬದನೆಕಾಯಿಯ ತೊಟ್ಟು ಬಳಸುತ್ತಾರೆ, ಕೆಲವರು ಕಡ್ಡಿಗೆ ಸುತ್ತಿದ ಬಟ್ಟೆ. ಎಣ್ಣೆ ಬೀಳುವುದು ಬೇಕಾದಲ್ಲಿ ಮಾತ್ರ. ಒಲೆಗೂ ಗೋಡೆಗೂ ಹಾರುವುದಿಲ್ಲ. ಹಿಂದಿನ ದೋಸೆಯ ಚೂರನ್ನು ಆ ಉಳ್ಳಾಗಡ್ಡಿಯೇ ಒರೆಸಿಕೊಂಡು ಹೋಗುತ್ತದೆ. ಎಣ್ಣೆ ಹಚ್ಚುವುದೂ ತೊಳೆಯುವುದೂ ಒಂದೇ ಕೈಯಲ್ಲಿ ಆಗುವುದರಿಂದ ಬಚ್ಚಲಿಗೆ ಹೋಗಬೇಕಾದ ಕೆಲಸದ ಪಾಲು ಚಿಕ್ಕದಾಗುತ್ತದೆ. ಜೋಳದ ರೊಟ್ಟಿಯ ಹಂಚಿಗಂತೂ ಹನಿ ಎಣ್ಣೆ ಬೇಡ. ಅಲ್ಲಿರುವುದೇ ಸೊನ್ನೆ, ಯಾವ ಲೇಬಲ್ಲೂ ಇಲ್ಲದ ಸೊನ್ನೆ.

ಹೃದಯದ ಕಾಯಿಲೆಯವರ ಮನೆಯಲ್ಲಿ ಎಣ್ಣೆಯ ಲೆಕ್ಕ ಹುಡುಗಾಟವಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯ ಊಟದ ತಟ್ಟೆಯಲ್ಲಿ ದಿನಕ್ಕೆ ಎಣ್ಣೆ, ಕೊಬ್ಬಿನ ಪಾಲು 27 ಗ್ರಾಂ. ಇಬ್ಬರ ಮನೆಗೆ ತಿಂಗಳಿಗೆ ಅದು ಒಂದೂ ಮುಕ್ಕಾಲು ಲೀಟರಿನಷ್ಟಾಗುತ್ತದೆ. ಡಾಕ್ಟರು ಇನ್ನೂ ಕಡಿಮೆ ಹೇಳಿದ್ದರೆ ಅವರು ಹೇಳಿದಷ್ಟು. ನಾನು ಈಗ ತಿಂಗಳ ಮೊದಲನೆಯ ದಿನ ಒಂದೂಕಾಲು ಲೀಟರ್ ಶೇಂಗಾ ಎಣ್ಣೆಯನ್ನು ಅಳೆದು ಗಾಜಿನ ಬಾಟಲಿಗೆ ತುಂಬುತ್ತೇನೆ. ಒಗ್ಗರಣೆ, ಪಡ್ಡು, ಬಂದವರಿಗೆ ಮಿರ್ಚಿ ಎಲ್ಲ ಅದರಲ್ಲೇ ಆಗಬೇಕು. ಬಾಟಲಿಯ ಮಟ್ಟ ಇಳಿಯುವುದು ಯಜಮಾನರಿಗೂ ಕಾಣುತ್ತದೆ, ನನಗೂ ಕಾಣುತ್ತದೆ. ಹದಿನೈದನೇ ತಾರೀಖಿಗೆ ಅರ್ಧಕ್ಕಿಂತ ಕೆಳಗೆ ಹೋದರೆ ಮಾರನೆಯ ದಿನ ರೊಟ್ಟಿ. ಸೊಸೆಗೂ ಇದನ್ನು ಹೇಳಿದ್ದೇನೆ. ಅವಳು ತಂದ ತವಾ ಜಿಡ್ಡು ಬಿಡಿಸಿಕೊಂಡು ಚಪಾತಿಗೆ ಚೆನ್ನಾಗಿಯೇ ಒದಗುತ್ತಿದೆ, ಎಣ್ಣೆ ಇಲ್ಲದೆ.